ಬಿದ್ದ ದೋಣಿಗಳನ್ನು ಎತ್ತಿ ನಿಲ್ಲಿಸಬೇಡಿ

“ಸಣ್ಣ ದೋಣಿಗಳನ್ನ ಗೆಲ್ಲಿಸಿಬಿಡಿ ಆಂಟಿ, ಅಷ್ಟು ಮಾಡಿದ್ರೆ ಸಾಕು. ಮಿಕ್ಕಿದ್ದೆಲ್ಲಾ ಸೂಪರ್ ಆಗಿದೆ.”

ನವರಾತ್ರಿಯ ಒಂದು ಸಂಜೆ, ಡಲ್ಲಾಸ್ ಪಕ್ಕದ ಮರ್ಫಿಯಲ್ಲಿರುವ ನನ್ನ ಮಗಳ ಮನೆಯ ನಡುಮನೆಯಲ್ಲಿ ಕೂತು, ನಾನು ಕೊಟ್ಟ ಕುಂಕುಮ ಹಚ್ಚಿಕೊಂಡು, ನಾನು ಒಗ್ಗರಣೆ ಹಾಕಿದ ಕಡಲೆಕಾಳು ಉಸಲಿ ತಿನ್ನುತ್ತಾ ಕನ್ನಡ ಸಂಘದ ಆ ಹೆಣ್ಣುಮಗಳು ಈ ಮಾತು ಹೇಳಿದಳು.

ಗೆಲ್ಲಿಸುವುದಂತೆ! ನೂರಾರು ವರ್ಷಗಳ ಹಿಂದೆ ಕಡಲಿನಲ್ಲಿ ಮುಳುಗಿಹೋದವರನ್ನು ಈಗ ಸೋಫಾದ ಮೇಲೆ ಕೂತುಕೊಂಡು ಗೆಲ್ಲಿಸುವುದು. ಸಾರಿಗೆ ಉಪ್ಪು ಸಾಲದು, ಇನ್ನೊಂದು ಚೂರು ಹಾಕಿ ಅಂದ ಹಾಗೆ! ಅದಾಗಿ ಎಷ್ಟೋ ವರ್ಷವಾಯಿತು. ನೆನೆಸಿಕೊಂಡರೆ ಈಗಲೂ ನನಗೆ ಮೈ ಉರಿಯುತ್ತದೆ. ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಚರಿತ್ರೆ ಗಿರಿತ್ರೆ ಓದಿದವಳಲ್ಲ. ಆದರೆ ಆ ಕಡಲ ಕಾಳಗವನ್ನು ಗೊಂಬೆ ಹಬ್ಬಕ್ಕೆ ಕಟ್ಟಿ ನಿಲ್ಲಿಸಿದವಳು ನನ್ನ ಮೊಮ್ಮಗಳು. ಆಗ ಅವಳಿಗೆ ಒಂಬತ್ತು ವರ್ಷ. ಅವಳ ವಿಷಯ ಬರೆಯಲು ಕೂತರೆ ನನ್ನ ಕೈ ನಿಲ್ಲುವುದಿಲ್ಲ, ಮೊದಲೇ ಹೇಳಿಬಿಡುತ್ತೇನೆ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರಲ್ಲ, ಅನ್ನಲಿ. ನಾನು ಹೆತ್ತವಳಲ್ಲ, ಹೆತ್ತವಳನ್ನು ಹೆತ್ತವಳು. ನನಗೆ ಎರಡು ಪಾಲು ಮುದ್ದು ಮಾಡುವ ಹಕ್ಕಿದೆ.

ಎಲ್ಲವೂ ಶುರುವಾದದ್ದು ಶೆಟ್ಟಿಯಿಂದ. ಮೈಸೂರಿನ ಕಡೆ ದಸರಾ ಗೊಂಬೆ ಕೂರಿಸುವ ಮನೆಗಳಲ್ಲಿ ಪಟ್ಟದ ಗೊಂಬೆ ಅಂತ ಮರದ ರಾಜ ರಾಣಿ ಇರುತ್ತಾರೆ. ಕೆಳಗಿನ ಮೆಟ್ಟಿಲಿನಲ್ಲಿ ಶೆಟ್ಟಿ, ಶೆಟ್ಟಮ್ಮ ಅಂಗಡಿ ತೆರೆದು ಕೂತಿರುತ್ತಾರೆ, ಅವರ ಮುಂದೆ ಅಕ್ಕಿ, ಬೇಳೆ, ಬೆಲ್ಲದ ಪುಟ್ಟ ಪುಟ್ಟ ಗುಡ್ಡೆ ಮಾಡುತ್ತೇವೆ. ಆ ಬೇಸಿಗೆಯಲ್ಲಿ ನಾನು ಮರ್ಫಿಗೆ ಬಂದಾಗ ಈ ನಾಲ್ವರನ್ನೂ ಸೀರೆಗಳಲ್ಲಿ ಸುತ್ತಿ ಸೂಟ್‌ಕೇಸಿನಲ್ಲಿ ಮಲಗಿಸಿಕೊಂಡು ತಂದಿದ್ದೆ. ನನ್ನ ಅತ್ತೆಯ ಕಾಲದ ಗೊಂಬೆಗಳು. ಬಿಚ್ಚಿ ಒಂದೊಂದನ್ನೇ ಒರೆಸುತ್ತಾ ಯಾರು ಯಾರು ಅಂತ ಮೊಮ್ಮಗಳಿಗೆ ಹೇಳುತ್ತಿದ್ದೆ.

“ಅಜ್ಜಿ, ಶೆಟ್ಟೀದು ರೈಸ್ ಎಲ್ಲಿಂದ ಬರತ್ತೆ?”

“ಅಂಗಡಿಯಿಂದ ಕಣೇ.”

“ಅವನೇ ಅಂಗಡಿ ಅಲ್ವಾ?”

ನೋಡಿ! ಅರವತ್ತು ವರ್ಷ ಗೊಂಬೆ ಕೂರಿಸಿದ ನನಗೆ ಈ ಪ್ರಶ್ನೆ ಹುಟ್ಟಲಿಲ್ಲ. ನನ್ನ ಅತ್ತೆಗೆ ಹುಟ್ಟಲಿಲ್ಲ, ಅವರ ಅತ್ತೆಗೂ ಹುಟ್ಟಿರಲಾರದು. ಗದ್ದೆಯಿಂದ ಬರುತ್ತದೆ ಅಂದೆ. ಗದ್ದೆಯಿಂದ ಅಂಗಡಿಗೆ ಹೇಗೆ ಅಂದಳು. ಗಾಡಿಯಲ್ಲಿ ಅಂದೆ. ಗಾಡಿ ಇಲ್ಲದ ಕಡೆ? ದೋಣಿಯಲ್ಲಿ ಅಂತ ಬಾಯಿಗೆ ಬಂದದ್ದು ಹೇಳಿ ತಪ್ಪಿಸಿಕೊಂಡೆ. ಅವಳು ತಪ್ಪಿಸಿಕೊಳ್ಳಲಿಲ್ಲ. ಲೈಬ್ರರಿಗೆ ಹೋಗಿ, ಅಲ್ಲಿನವರ ತಲೆ ತಿಂದು, ಹಾಯಿ ಹಡಗುಗಳ ದಪ್ಪ ದಪ್ಪ ಪುಸ್ತಕ ಹೊತ್ತು ತಂದಳು. ಅವುಗಳಲ್ಲಿ ಒಂದರಲ್ಲಿ ನಮ್ಮ ಕರಾವಳಿಯ ಮಾತೇ ಇತ್ತು. ಅಕ್ಕಿ ತುಂಬಿದ ದೋಣಿಗಳು ದಡ ಹಿಡಿದು ದಕ್ಷಿಣಕ್ಕೆ ಹೋಗುತ್ತಿದ್ದವಂತೆ. ಅವುಗಳನ್ನು ತಡೆಯಲು ಪೋರ್ಚುಗೀಸರ ದೊಡ್ಡ ಹಡಗುಗಳು ಕಾಯುತ್ತಿದ್ದವಂತೆ.

ಸೆಪ್ಟೆಂಬರಿನಲ್ಲಿ ಮೂರು ದಿನ ರಜೆ ಬಂದಾಗ ಅಳಿಯಂದಿರು ನಮ್ಮನ್ನೆಲ್ಲ ಹೂಸ್ಟನ್ ಕಡೆಗೆ ಕರೆದುಕೊಂಡು ಹೋದರು. ಫುಲ್‌ಶೀರ್‌ನಲ್ಲಿ ಅವರ ಸ್ನೇಹಿತರ ಹೊಸ ಮನೆಯಲ್ಲಿ ಉಳಿದು, ಬೆಳಿಗ್ಗೆ ಸಮುದ್ರಕ್ಕೆ ಹೊರಟೆವು. ಅಲ್ಲಿ ಹಳೆಯ ಹಾಯಿ ಹಡಗೊಂದನ್ನು ಜೋಪಾನವಾಗಿ ಇಟ್ಟಿದ್ದಾರೆ. ಹತ್ತಿ ನೋಡಬಹುದು. ಅಬ್ಬಾ, ಎಷ್ಟೊಂದು ಹಗ್ಗ! ಮೈಸೂರಿನಲ್ಲಿ ಬಟ್ಟೆ ಒಣಹಾಕುವ ಹಗ್ಗಗಳನ್ನೆಲ್ಲ ಒಟ್ಟು ಸೇರಿಸಿದರೂ ಅಷ್ಟಾಗದು. ತೋರಿಸುತ್ತಿದ್ದ ಗಡ್ಡದ ಮನುಷ್ಯ ಏನಾದರೂ ಕೇಳುವುದಿದೆಯಾ ಅಂದ. ಉಳಿದ ಮಕ್ಕಳು ಇಲಿ ಇದ್ದವಾ, ಊಟ ಏನು, ಕಕ್ಕಸು ಎಲ್ಲಿ ಅಂತ ಕೇಳಿದವು. ನನ್ನ ಮೊಮ್ಮಗಳು ಕೈ ಎತ್ತಿ, ಗಾಳಿ ನಿಂತುಹೋದರೆ ಇದನ್ನು ತಿರುಗಿಸುವುದು ಹೇಗೆ ಎಂದಳು. ಅವನು ಅವಳನ್ನೇ ಒಂದು ಕ್ಷಣ ನೋಡಿ, “ಯೂ ಡೋಂಟ್” ಅಂದ. ತಿರುಗಿಸಲಿಕ್ಕಾಗದು ಅಂತ. ನನಗೆ ಅಷ್ಟು ಇಂಗ್ಲಿಷ್ ಬರುತ್ತದೆ. ಆ ಡೆಕ್ಕಿನ ಮೇಲೆ ನಿಂತಿದ್ದವರಿಗೆಲ್ಲ, ಕೇಳಿದವಳು ನನ್ನ ಮೊಮ್ಮಗಳು ಅಂತ ಕನ್ನಡದಲ್ಲೇ ಹೇಳಿದೆ. ಅವರು ನಕ್ಕರು. ಅರ್ಥವಾಗಿರಬೇಕು, ಅಜ್ಜಿಯರ ಮುಖಕ್ಕೆ ಭಾಷೆ ಬೇಕಿಲ್ಲ.

ಆಮೇಲೆ ಮರಳಿನ ಮೇಲೆ ಕೂತು ನನಗೆ ಪಾಠ ಮಾಡಿದಳು. ಅವಳು ಹೇಳುವುದೆಲ್ಲ ಇಂಗ್ಲಿಷಿನಲ್ಲಿ, ನಡುವೆ ನನಗಾಗಿ ಅಲ್ಲಲ್ಲಿ ಕನ್ನಡ. ನನಗೆ ತಿಳಿದ ಹಾಗೆ ಬರೆಯುತ್ತೇನೆ. ದೊಡ್ಡ ಹಡಗಿನ ಫಿರಂಗಿಗಳೆಲ್ಲ ಅದರ ಪಕ್ಕೆಗಳಲ್ಲಿ. ಎದುರಿಗೂ ಹಿಂದಕ್ಕೂ ಅಷ್ಟಿಲ್ಲ. ಪಕ್ಕೆ ತಿರುಗಿಸಿದರೆ ಮಾತ್ರ ಹೊಡೆಯಬಹುದು, ತಿರುಗಬೇಕಾದರೆ ಗಾಳಿ ಬೇಕು. ಅಕ್ಕಿಯ ಕಾವಲಿಗೆ ಬರುವ ನಮ್ಮವರ ದೋಣಿಗಳು ಸಣ್ಣವು, ತೆಳುವು. ಒಂದು ಗುಂಡು ಬಿದ್ದರೆ ಮುಗಿಯಿತು. ಆದರೆ ಹಾಯಿಯ ಜೊತೆಗೆ ಹುಟ್ಟು ಇವೆ. ಗಾಳಿ ನಿಂತ ಹೊತ್ತು ನೋಡಿ ಹುಟ್ಟು ಹಾಕಿಕೊಂಡು ದೊಡ್ಡ ಹಡಗಿನ ಹಿಂಬದಿಗೆ ಬಂದು ಕಾಡುತ್ತಾರೆ. ಅಷ್ಟರಲ್ಲಿ ಅಕ್ಕಿಯ ದೋಣಿಗಳು ನದಿಯ ಬಾಯಿಗೆ, ಅಂದರೆ ಅಳಿವೆಗೆ ನುಗ್ಗಿಬಿಡಬೇಕು. ಅಲ್ಲಿ ನೀರು ಆಳವಿಲ್ಲ, ಮರಳ ದಿಬ್ಬ. ದೊಡ್ಡ ಹಡಗು ಬಂದರೆ ಕೂತುಬಿಡುತ್ತದೆ.

“ಆಮೇಲೆ ಗಾಳಿ ಬಂದರೆ?” ಅಂದೆ.

“ದೆನ್ ದೇ ಡೈ, ಅಜ್ಜಿ,” ಎಂದಳು, ಮಳೆ ಬಂದರೆ ಒದ್ದೆಯಾಗುತ್ತೇವೆ ಅನ್ನುವಷ್ಟು ಸಲೀಸಾಗಿ.

ತಡೆಯುವುದು ಯಾಕೆ, ಅಕ್ಕಿ ತಾನೇ ಅಂದೆ. ಆಗ ಅವಳು ಆ ಚೀಟಿಯ ವಿಷಯ ಹೇಳಿದಳು. ಆ ಕಡಲಿನಲ್ಲಿ ಯಾರೇ ದೋಣಿ ಬಿಡಬೇಕಾದರೂ ಪೋರ್ಚುಗೀಸರ ಹತ್ತಿರ ಪರವಾನಗಿ ಚೀಟಿ ತೆಗೆದುಕೊಳ್ಳಬೇಕಾಗಿತ್ತಂತೆ. ಚೀಟಿ ಇಲ್ಲದ ದೋಣಿ ಸಿಕ್ಕರೆ ಸರಕು ಕಿತ್ತುಕೊಂಡು ದೋಣಿಯನ್ನು ಸುಟ್ಟುಬಿಡುತ್ತಿದ್ದರಂತೆ.

ಯಾರಪ್ಪನ ಸಮುದ್ರ? ನಾನು ಅಲ್ಲೇ ಮರಳಿನ ಮೇಲಿಂದ ಎದ್ದು ನಿಂತೆ. ಡಲ್ಲಾಸ್ ವಿಮಾನ ನಿಲ್ದಾಣದಲ್ಲಿ ನನ್ನನ್ನು ನಿಲ್ಲಿಸಿ ಯಾಕೆ ಬಂದೆ, ಎಷ್ಟು ದಿನ ಇರುತ್ತೀ ಅಂತ ಕೇಳಿದರು. ಕೇಳಲಿ, ಅವರ ಮನೆ, ಅವರ ಬಾಗಿಲು. ಆದರೆ ಎಲ್ಲಿಂದಲೋ ಬಂದು ನಮ್ಮ ಕಡಲಲ್ಲಿ ನಿಂತು, ನಮ್ಮ ಅಕ್ಕಿಯನ್ನು ನಮ್ಮವರಿಗೆ ಕೊಂಡೊಯ್ಯಲು ನನ್ನ ಚೀಟಿ ಎಲ್ಲಿ ಅನ್ನುವುದು ಎಂಥ ಭಂಡತನ! “ಕಾಮ್ ಡೌನ್ ಅಜ್ಜಿ, ಇಟ್ಸ್ ಓವರ್,” ಅಂತ ನನ್ನ ಸೆರಗು ಹಿಡಿದು ಕೂರಿಸಿದಳು. ಅವಳಿಗೆ ಓವರ್. ನಾನು ಈಗ ತಾನೇ ಕೇಳಿದವಳು.

ಈ ವರ್ಷ ಶೆಟ್ಟಿಯ ಅಕ್ಕಿ ಬರುವ ದಾರಿಯನ್ನೇ ಗೊಂಬೆ ಮಾಡೋಣ ಅಂತ ಮರಳಿ ಬರುವಾಗ ಕಾರಿನಲ್ಲೇ ತೀರ್ಮಾನವಾಯಿತು. ನನ್ನ ನವಿಲು ನೀಲಿ ರೇಷ್ಮೆ ಸೀರೆ ಸಮುದ್ರವಾಯಿತು. ಕಾರ್ನ್‌ಫ್ಲೇಕ್ಸ್ ಡಬ್ಬಿಗಳಿಗೆ ಕಪ್ಪು ಬಣ್ಣ ಬಳಿದು ದೊಡ್ಡ ಹಡಗು ಮಾಡಿದಳು. ಪಕ್ಕೆಗಳಿಗೆ ಸಾಲಾಗಿ ಲವಂಗ ಚುಚ್ಚಿದಳು, ಅವೇ ಫಿರಂಗಿ. ಅಳಿಯಂದಿರ ಹಳೇ ಪಂಚೆ ಹಾಯಿ. ಕೊಬ್ಬರಿ ಬಟ್ಟಲಿಗೆ ಅಕ್ಕಿ ತುಂಬಿ ಸರಕಿನ ದೋಣಿ. ಕಾದಾಡುವ ಸಣ್ಣ ದೋಣಿಗಳನ್ನು ಇಂಡಿಯನ್ ಸ್ಟೋರಿನಿಂದ ತಂದ ಅಡಿಕೆ ಹಾಳೆಯ ತಟ್ಟೆ ಕತ್ತರಿಸಿ ಮಡಿಸಿದೆವು. ಬೆಂಕಿಕಡ್ಡಿಯ ಹುಟ್ಟು. ಹೊಗೆಗೆ ಹೂಬತ್ತಿಯ ಹತ್ತಿ. ದಡದಲ್ಲಿ ಶೆಟ್ಟಿ, ಶೆಟ್ಟಮ್ಮ ಬರಿಯ ತಟ್ಟೆ ಇಟ್ಟುಕೊಂಡು ಕಡಲ ಕಡೆ ನೋಡುತ್ತಾ ಕೂತರು. ಮೇಲಿನ ಮೆಟ್ಟಿಲಲ್ಲಿ ರಾಜ ರಾಣಿ. “ಇವರೇನು ಮಾಡ್ತಿದ್ದಾರೆ?” ಅಂದಳು. ಆಳುತ್ತಿದ್ದಾರೆ ಅಂದೆ. ಅವಳಿಗೆ ನಂಬಿಕೆ ಬಂದ ಹಾಗೆ ಕಾಣಲಿಲ್ಲ.

ಸಣ್ಣ ದೋಣಿಗಳಲ್ಲಿ ಅರ್ಧಕ್ಕರ್ಧವನ್ನು ಅವಳು ಮಗುಚಿ ಹಾಕಿದ್ದಳು. ಕೆಲವಕ್ಕೆ ಹಾಯಿಯ ಕಂಬ ಮುರಿದಿದ್ದಳು. ಒಂದನ್ನು ಮೂತಿಯಷ್ಟೇ ಕಾಣುವ ಹಾಗೆ ಸೀರೆಯ ಮಡಿಕೆಯೊಳಗೆ ಇಳಿಸಿದ್ದಳು. ನನಗೆ ಒಳಗೊಳಗೇ ಕಸಿವಿಸಿ. ಗೊಂಬೆ ಹಬ್ಬಕ್ಕೆ ಭಿನ್ನವಾದದ್ದನ್ನು ಇಡಬಾರದು, ಮೂಗು ಮುರಿದ ಗೊಂಬೆಯನ್ನೂ ನಾವು ಪೆಟ್ಟಿಗೆಯಿಂದ ಹೊರಗೆ ತೆಗೆಯುವುದಿಲ್ಲ. ಆಮೇಲೆ ನಾನೇ ಸಮಾಧಾನ ಹೇಳಿಕೊಂಡೆ. ಇವು ಮುರಿದುಹೋದವಲ್ಲ, ಮುರಿದ ಹಾಗೆ ಮಾಡಿದವು. ಕತ್ತು ಕಡಿದ ಮಹಿಷಾಸುರನನ್ನು ಇಡುವುದಿಲ್ಲವೇ? ಹಾಗೆ.

ಆದರೆ ಬಂದವರಿಗೆ ಇದನ್ನು ಹೇಗೆ ಹೇಳುವುದು? ಮೊದಲು ಕೈ ಹಾಕಿದವರು ನಮ್ಮ ಬೀಗಿತ್ತಿ, ಅಳಿಯಂದಿರ ತಾಯಿ. ಧಾರವಾಡದವರು. ಆಸ್ಟಿನ್ ಆಚೆ ಜಾರ್ಜ್‌ಟೌನ್‌ನಲ್ಲಿ ತಮ್ಮ ಮಗಳ ಮನೆಗೆ ಬಂದಿದ್ದವರು, ಹಬ್ಬಕ್ಕೆಂದು ಶೇಂಗಾ ಹೋಳಿಗೆ ಕಟ್ಟಿಕೊಂಡು ಮರ್ಫಿಗೆ ಬಂದರು.

“ಅಯ್ಯ, ಇವು ಬಿದ್ದಾವಲ್ರಿ ಬೀಗರ!” ಅಂತ ಮುಳುಗಿದ ಮೂರು ದೋಣಿ ಎತ್ತಿ ನಿಲ್ಲಿಸಿಯೇಬಿಟ್ಟರು.

“ನೋ ಅಜ್ಜೀ! ದೇ ಆರ್ ಡೆಡ್!” ಮೊಮ್ಮಗಳು ಓಡಿ ಬಂದಳು.

“ಹಬ್ಬದಾಗ ಡೆಡ್ ಅನ್ನಬಾರದು ಪುಟ್ಟಿ. ಏನಾತು, ಹೇಳು ನನಗ.”

ಹೇಳಿದಳು. ಬೀಗಿತ್ತಿ ಪೂರ್ತಿ ಕೇಳಿದರು. ಆಮೇಲೆ ಒಂದೊಂದಾಗಿ ಮೂರನ್ನೂ ತಾವೇ ಮಗುಚಿಟ್ಟರು. “ನೀವು ಮೈಸೂರಿನವರು ಗೊಂಬೀನೂ ಶಿಸ್ತಿಲೆ ಕುಂದ್ರಸ್ತೀರಿ ಅಂದ್ಕೊಂಡಿದ್ದೆ. ನಿಮ್ಮ ಮೊಮ್ಮಗಳು ಅವನ್ನ ಮುಳುಗ್ಸಾಕತ್ತಾಳ. ನಮ್ಮ ರಕ್ತ ಅದರಿ ಅದು,” ಅಂದರು.

“ಪ್ರಶ್ನೆ ಕೇಳೋದು ನಮ್ಮ ರಕ್ತ, ಮುಳುಗಿಸೋದು ಬೇಕಾದ್ರೆ ನಿಮ್ಮದು ಇಟ್ಕೊಳ್ಳಿ,” ಅಂದೆ ನಾನು. ಪಾಲು ಬಿಡುವವಳಲ್ಲ.

ಬೀಗಿತ್ತಿಗೆ ತಿಳಿಯಿತು. ಉಳಿದವರಿಗೆ ತಿಳಿಯಬೇಕಲ್ಲ! ಕುಂಕುಮಕ್ಕೆ ಬಂದ ಒಬ್ಬೊಬ್ಬ ಹೆಂಗಸೂ ಹಾಡು ಹೇಳಿ ಆರತಿ ಮಾಡಿ ತಿರುಗುವಾಗ, “ಅಯ್ಯೋ ಪಾಪ, ಬಿದ್ದೋಗಿದೆ,” ಅಂತ ಒಂದು ದೋಣಿ ಎತ್ತಿ ನಿಲ್ಲಿಸುತ್ತಿದ್ದಳು. ತಪ್ಪೆನ್ನಲಾರೆ, ದಸರೆಯ ಗೊಂಬೆ ಬಿದ್ದಿರುವುದನ್ನು ಕಂಡು ಸುಮ್ಮನೆ ಹೋಗುವ ಹೆಂಗಸು ನಮ್ಮಲ್ಲಿ ಹುಟ್ಟಿಲ್ಲ. ಅವರು ಚಪ್ಪಲಿ ಮೆಟ್ಟುವಷ್ಟರಲ್ಲಿ ಸತ್ತವರೆಲ್ಲ ಎದ್ದು ಕೂತಿರುತ್ತಿದ್ದರು. ಬಾಗಿಲು ಹಾಕಿದ ಮೇಲೆ ಮೊಮ್ಮಗಳು ಪುಸ್ತಕ ತೆರೆದು, ಚಿತ್ರ ನೋಡಿಕೊಂಡು, ಮತ್ತೆ ಒಂದೊಂದನ್ನೇ ಮುಳುಗಿಸುತ್ತಿದ್ದಳು. ಬೇಸರವಿಲ್ಲ. ಆ ತಾಳ್ಮೆ ಎಲ್ಲಿಂದ ಬಂತು ಅಂತ ಬೀಗಿತ್ತಿ ನನ್ನನ್ನು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಅಂಥ ಒಂದು ಸಂಜೆ ಸಂಘದ ಆ ಹೆಣ್ಣುಮಗಳು ಬಂದದ್ದು. ಬೆಂಗಳೂರಿನವಳು, ಚುರುಕು, ಒಳ್ಳೆಯವಳೇ. ಶನಿವಾರ ಸಂಘದವರ ದಸರಾ ಕಾರ್ಯಕ್ರಮ, ದೊಡ್ಡ ಸಭಾಂಗಣ. ನಡುವಿನ ಮೇಜಿನ ಮೇಲೆ ಮಕ್ಕಳೇ ಮಾಡಿದ ಗೊಂಬೆ ಇಡುತ್ತಾರೆ. ಈ ಸಲ ಇದನ್ನೇ ಇಡೋಣ ಅಂದಳು. ನನ್ನ ಮೊಮ್ಮಗಳು ಇದ್ದಲ್ಲೇ ಒಂದು ಸಲ ಕುಪ್ಪಳಿಸಿದಳು. ನಡುವಿನ ಮೇಜು! ಹಿಂದಿನ ವರ್ಷ ಅವಳ ಗೆಳತಿಯ ಕಾಡುಪ್ರಾಣಿಗಳು ಕೂತಿದ್ದ ಮೇಜು. ಅದಕ್ಕಾಗಿ ಅವಳು ಒಳಗೊಳಗೇ ಎಷ್ಟು ಆಸೆಪಟ್ಟಿದ್ದಳು ಅಂತ ನನಗೆ ಆಗಲೇ ಗೊತ್ತಾದದ್ದು.

ಅದರ ಬೆನ್ನಿಗೇ ಬಂತು, ಗೆಲ್ಲಿಸಿಬಿಡಿ ಅನ್ನುವ ಮಾತು.

“ನೋಡಿ ಆಂಟಿ, ದಸರಾ ಅಂದ್ರೇನೇ ವಿಜಯ ಅಲ್ವಾ? ಎಂಡಿಂಗ್ ಸ್ವಲ್ಪ ನೆಗೆಟಿವ್ ಆಯ್ತು. ಮಕ್ಕಳಿಗೆ ಪಾಸಿಟಿವ್ ಮೆಸೇಜ್ ಹೋಗ್ಬೇಕು. ದೊಡ್ಡ ಹಡಗುಗಳನ್ನ ಮಲಗಿಸಿ, ಸಣ್ಣವನ್ನ ನಿಲ್ಲಿಸಿ. ಎರಡು ನಿಮಿಷದ ಕೆಲಸ.”

“ಬಟ್ ದೇ ಡಿಡ್ ನಾಟ್ ವಿನ್,” ಅಂದಳು ಮೊಮ್ಮಗಳು ಮೆಲ್ಲಗೆ.

“ಐ ನೋ ಕಂದಾ. ಇದು ಗೊಂಬೆ ತಾನೇ? ಗೊಂಬೆಲಿ ಗೆಲ್ಲಬಹುದು.”

ಅವಳು ಹೋದ ಮೇಲೆ ನಾನು ಪಾತ್ರೆಗಳನ್ನು ತೊಳೆದ ಸದ್ದು ಪಕ್ಕದ ಮನೆಗೂ ಕೇಳಿಸಿರಬೇಕು. ಗೊಂಬೆ ತಾನೇ! ನಾವು ರಾಜನನ್ನು ರಾಣಿಯ ಎಡಕ್ಕೆ ಕೂರಿಸುತ್ತೇವಾ? ದೇವಿಯ ಕೈಯ ಶೂಲವನ್ನು ಮಹಿಷಾಸುರನ ಕೈಗೆ ಕೊಡುತ್ತೇವಾ? ಅಲ್ಲೆಲ್ಲ ನಿಯಮ. ಅಕ್ಕಿಗಾಗಿ ಪ್ರಾಣ ಕೊಟ್ಟವರ ಪಾಲಿಗೆ ಮಾತ್ರ ಹೇಗಿಟ್ಟರೂ ನಡೆಯುತ್ತದೆ.

ನನ್ನ ಮಗಳು, “ಅಮ್ಮ, ಇದನ್ನ ದೊಡ್ಡದು ಮಾಡ್ಬೇಡಿ. ಒಂದು ದಿನ ತಾನೇ, ಅಡ್ಜಸ್ಟ್ ಮಾಡ್ಕೊಂಡ್ರಾಯ್ತು,” ಅಂದಳು. ಅಡ್ಜಸ್ಟಂತೆ. ಅಳಿಯಂದಿರು ಫೋನು ನೋಡುತ್ತಾ ಹೂಂಗುಟ್ಟಿದರು. ಅವರಿಗೂ ಒಂದು ಹೇಳುವವಳಿದ್ದೆ. ಬೀಗಿತ್ತಿ ಎದುರಿಗೇ ಕೂತಿದ್ದರು, ನುಂಗಿಕೊಂಡೆ. ನುಂಗಬೇಕಾಗಿರಲಿಲ್ಲ. ಅವರೇ ಮಗನಿಗೆ, “ನೀ ಏನ್ ಹೂಂ ಅಂತೀಯೋ? ಫೋನ್ ಇಡು ಕೆಳಗ. ಸೋತವರಿಗೆ ಹಬ್ಬದಾಗ ಜಾಗ ಇಲ್ಲೇನು?” ಅಂತ ಗದರಿದರು. ಆ ಕ್ಷಣದಲ್ಲಿ ಅವರ ಮೇಲೆ ನನಗೆ ಎಷ್ಟು ಪ್ರೀತಿ ಬಂತೆಂದರೆ, ರಕ್ತದ ವಿಷಯದಲ್ಲಿ ಅರ್ಧ ಪಾಲು ಬಿಟ್ಟುಕೊಟ್ಟೆ. ಮನಸ್ಸಿನಲ್ಲೇ.

ಮಗು ಮಾತ್ರ ಯಾರ ಮಾತಿಗೂ ಸೇರಲಿಲ್ಲ. ಮಾರನೆಯ ದಿನ ಶಾಲೆಯಿಂದ ಬಂದು, ಯಾರಿಗೂ ಹೇಳದೆ, ದೊಡ್ಡ ಹಡಗುಗಳನ್ನು ಮಲಗಿಸಿ ಸಣ್ಣವನ್ನು ನಿಲ್ಲಿಸಿ ನೋಡಿದಳು. ನಾನು ಅಡುಗೆಮನೆಯಿಂದ ನೋಡುತ್ತಿದ್ದೆ. ಕಪ್ಪು ಡಬ್ಬಿಗಳು ಸೀರೆಯ ಮೇಲೆ ಅಂಗಾತ ಬಿದ್ದಿದ್ದವು, ಲವಂಗಗಳು ಮೇಲೆ ನೋಡುತ್ತಿದ್ದವು. ಅವಳು ತುಂಬಾ ಹೊತ್ತು ಅದರ ಮುಂದೆ ಮಂಡಿ ಊರಿ ಕೂತಿದ್ದಳು. ನಾನು ಹತ್ತಿರ ಹೋದೆ. ಕಣ್ಣಲ್ಲಿ ನೀರು ತುಂಬಿತ್ತು.

“ಚೆನ್ನಾಗೇ ಇದೆಯಲ್ಲೇ,” ಅಂದೆ. ಬಾಯಿ ಮಾತು.

“ಅಜ್ಜಿ, ದೊಡ್ಡ ಶಿಪ್ಸ್ ಎಲ್ಲಾ ಮುಳುಗಿದ್ರೆ, ನೆಕ್ಸ್ಟ್ ಇಯರ್ ಬಂದಿದ್ದು ಯಾರು?”

“ಯಾರು ಬಂದರು?”

“ಅವರೇ. ಎವ್ರೀ ಇಯರ್ ಬರ್ತಿದ್ರು. ಇವರೂ ಎವ್ರೀ ಇಯರ್ ಹೋಗ್ತಿದ್ರು. ರೈಸ್ ತಗೊಂಡು.” ಮೂಗು ಒರೆಸಿಕೊಂಡಳು. “ಇಟ್ಸ್ ನಾಟ್ ಟ್ರೂ ದಿಸ್ ವೇ. ಬಟ್ ಐ ವಾಂಟ್ ದ ಟೇಬಲ್.”

ಅಷ್ಟೇ. ಒಂಬತ್ತು ವರ್ಷದ ಮಗುವಿಗೆ ಮೇಜೂ ಬೇಕು, ನಿಜವೂ ಬೇಕು. ಎರಡರಲ್ಲಿ ಒಂದನ್ನು ಆರಿಸಿಕೋ ಅಂತ ದೊಡ್ಡವರಾದ ನಾವು ಅವಳ ಮುಂದೆ ಇಟ್ಟಿದ್ದೆವು. ಉಸಲಿ ತಿಂದುಕೊಂಡು!

ನಾನು ಮಗಳ ಕೈಯಲ್ಲಿ ಫೋನು ಮಾಡಿಸಿ ಸಂಘದವಳ ಹತ್ತಿರ ನಾನೇ ಮಾತಾಡಿದೆ. ಆಕೆ ಹೋಗುವ ಮುಂಚೆ ಇನ್ನೊಂದು ಮಾತು ಕೇಳಿಹೋಗಿದ್ದಳು, ನಮ್ಮ ಪಟ್ಟದ ಗೊಂಬೆ ಒಂದು ದಿನಕ್ಕೆ ಸಭಾಂಗಣಕ್ಕೆ ಬೇಕು ಅಂತ. ಅಷ್ಟು ಹಳೆಯ ರಾಜ ರಾಣಿ ಅಲ್ಲಿ ಯಾರ ಮನೆಯಲ್ಲೂ ಇರಲಿಲ್ಲ. ಅವರಿಲ್ಲದೆ ಗೊಂಬೆ ಕೂರಿಸಿದರೆ ಕಳೆಯೇ ಇಲ್ಲ ಅಂತ ಹೇಳಿದವಳೂ ಅವಳೇ.

“ನೋಡಮ್ಮಾ, ನಮ್ಮ ರಾಜ ರಾಣಿ ಬರಬೇಕು ಅಂದ್ರೆ ಮುಳುಗಿದವರೂ ಬರ್ತಾರೆ. ಮುಳುಗಿದ ಹಾಗೇ ಬರ್ತಾರೆ. ಅವರು ಬೇಡ ಅಂದ್ರೆ ರಾಜ ರಾಣಿ ನಮ್ಮನೇಲೇ ಇರ್ತಾರೆ,” ಅಂದೆ.

“ಅಯ್ಯೋ ಆಂಟಿ, ನೀವು ಕೋಪ ಮಾಡ್ಕೊಂಡ್ರಾ?”

“ಹೂಂ. ಮಾಡ್ಕೊಂಡಿದೀನಿ.”

ಆ ಕಡೆ ಯಾರಿಗೋ ಇಂಗ್ಲಿಷಿನಲ್ಲಿ ಏನೋ ಹೇಳಿದಳು. ಆಮೇಲೆ, “ಸರಿ ಆಂಟಿ, ಹೇಗಿದ್ಯೋ ಹಾಗೇ ತನ್ನಿ,” ಅಂದಳು. ಪಕ್ಕದಲ್ಲಿದ್ದ ಬೀಗಿತ್ತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. “ರಾಜಾನ್ನ ಒತ್ತೆ ಇಟ್ರಲ್ರಿ! ಭಾರಿ ಅದೀರಿ ನೀವು.”

ಶನಿವಾರ ಆ ಸಭಾಂಗಣ ಕಿಕ್ಕಿರಿದಿತ್ತು. ನಡುವಿನ ಮೇಜಿನ ಮೇಲೆ ನನ್ನ ಸೀರೆಯ ಕಡಲು. ಮೊಮ್ಮಗಳು ರೇಷ್ಮೆ ಲಂಗ ಉಟ್ಟು, ಎರಡು ಜಡೆ ಹಾಕಿಕೊಂಡು, ತನ್ನ ಯುದ್ಧದ ಪಕ್ಕದಲ್ಲಿ ನಿಂತಳು. ಯಾರಾದರೂ ಕೈ ಚಾಚಿದರೆ, “ಪ್ಲೀಸ್, ಎತ್ತಬೇಡಿ ಆಂಟಿ,” ಅನ್ನುತ್ತಿದ್ದಳು. ಆಂಟಿಯರು ಕರೆಂಟು ಹೊಡೆದವರ ಹಾಗೆ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದರು. ನಾನು ಎದುರಿನ ಕುರ್ಚಿಯಲ್ಲಿ ಕೂತು ದೃಷ್ಟಿ ತಾಗದಿರಲಿ ಅಂತ ಒಂದೇ ಸಮನೆ ನೆಟಿಕೆ ಮುರಿಯುತ್ತಿದ್ದೆ.

ಭಾಷಣ ಹಾಡುಗಳಾದ ಮೇಲೆ ಸಂಘದವಳು ಮೈಕು ಹಿಡಿದು ಮಗುವಿನ ಹತ್ತಿರ ಬಂದಳು. “ಪುಟ್ಟಾ, ನೀನೇ ಹೇಳು. ಯಾರ ಯಾರ ಮಧ್ಯೆ ಯುದ್ಧ?”

ಹೇಳಿದಳು. ಹಿಂದಿನ ಸಂಜೆಯೆಲ್ಲ ನನ್ನ ಜೊತೆ ಕೂತು ಕನ್ನಡದಲ್ಲಿ ಜೋಡಿಸಿಕೊಂಡಿದ್ದಳು. ಅಕ್ಕಿ, ಚೀಟಿ, ಗಾಳಿ ನಿಂತ ಹೊತ್ತು, ಅಳಿವೆಯ ಮರಳು. ಒಂದೆರಡು ಕಡೆ ತೊದಲಿದಳು, ಆದರೂ ನಿಲ್ಲಿಸಲಿಲ್ಲ. ಇಡೀ ಸಭಾಂಗಣ ಕೇಳುತ್ತಿತ್ತು.

“ಕೊನೆಗೆ ಯಾರು ಗೆದ್ದರು?”

“ದೊಡ್ಡ ಹಡಗಿನವರು ಗೆದ್ದರು. ಇವರೆಲ್ಲಾ ಸತ್ತುಹೋದರು.” ಬೆರಳು ಮಾಡಿ ತೋರಿಸಿದಳು. “ಆದರೆ ಅಕ್ಕಿ ಊರಿಗೆ ಬಂತು.”

ಒಂದು ಕ್ಷಣ ಯಾರೂ ಕೆಮ್ಮಲಿಲ್ಲ. ಆ ಒಂದು ಕ್ಷಣ ಹಾಗೇ ಇದ್ದಿದ್ದರೆ ಸಾಕಿತ್ತು, ನನ್ನ ಕೋಪವೆಲ್ಲ ಅಲ್ಲೇ ಇಳಿದುಹೋಗುತ್ತಿತ್ತು. ಆದರೆ ಮೈಕು ಹಿಡಿದವರು ಸುಮ್ಮನಿರುತ್ತಾರೆಯೇ?

“ವಾವ್! ನೋಡಿದ್ರಾ ಎಲ್ಲರೂ? ಅಂದ್ರೆ ಕೊನೆಗೆ ಗೆದ್ದಿದ್ದು ನಮ್ಮವರೇ! ಸತ್ಯಕ್ಕೆ ಯಾವತ್ತೂ ಜಯ! ಜೋರಾಗಿ ಚಪ್ಪಾಳೆ!”

ಚಪ್ಪಾಳೆ ಬಿತ್ತು. ಶಿಳ್ಳೆಯೂ ಬಿತ್ತು. ಮಗು ಅವಳ ಮುಖವನ್ನೇ ನೋಡುತ್ತಾ ನಿಂತಿತು. ತಾನು ಹೇಳಿದ್ದು ಯಾರಿಗೂ ಕೇಳಿಸಲಿಲ್ಲವೇ ಅಂತ, ಕನ್ನಡ ತಪ್ಪಾಯಿತೇನೋ ಅಂತ, ತುಟಿ ಅದುರಿತು. ಅದನ್ನು ನೋಡಿ ನಾನು ಎದ್ದೆ. ಹೇಗೆ ನಡೆದೆನೋ ಗೊತ್ತಿಲ್ಲ. ಜನ್ಮದಲ್ಲಿ ಮೈಕು ಮುಟ್ಟಿದವಳಲ್ಲ, ಅದನ್ನು ಅವಳ ಕೈಯಿಂದ ತೆಗೆದುಕೊಂಡೆ.

“ಗೆದ್ದಿಲ್ಲ,” ಅಂದೆ. ನನ್ನ ದನಿ ನಾಲ್ಕೂ ಗೋಡೆಗಳಿಂದ ನನಗೇ ವಾಪಸು ಬಂತು. “ಮಗು ಸರಿಯಾಗೇ ಹೇಳಿದೆ. ಸೋತರು. ಸೋಲ್ತೀವಿ ಅಂತ ಗೊತ್ತಿದ್ದೇ ಹೋದರು, ಮುಂದಿನ ವರ್ಷ ಮತ್ತೆ ಹೋದರು. ನೀವು ಗೆಲ್ಲಿಸಿಬಿಟ್ಟರೆ ಅವರು ಮಾಡಿದ್ದಕ್ಕೆ ಏನು ಬೆಲೆ? ಮುಳುಗಿದವರನ್ನು ಮುಳುಗಿದವರ ಹಾಗೇ ನೋಡಿ. ಅಷ್ಟೂ ಆಗಲ್ವೇ ನಿಮಗೆ?”

ಮೈಕು ಕೊಟ್ಟು ಬಂದು ಕೂತೆ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಒಳ್ಳೆಯದೇ ಆಯಿತು. ನನ್ನ ಮಗಳು ತಲೆ ತಗ್ಗಿಸಿಕೊಂಡಿದ್ದಳು, ಬೀಗಿತ್ತಿ ನನ್ನ ಮೊಣಕೈ ಹಿಡಿದುಕೊಂಡರು. ಊಟಕ್ಕೆ ಏಳಬಹುದು ಅಂತ ಯಾರೋ ಹಿಂದಿನಿಂದ ಕೂಗಿದರು. ಜನವೆಲ್ಲ ಬಿಸಿಬೇಳೆ ಬಾತಿನ ಕಡೆ ತಿರುಗಿತು.

ಎಲ್ಲರೂ ತಿರುಗಲಿಲ್ಲ. ಮೇಜಿನ ಸುತ್ತ ಕೆಲವು ಮಕ್ಕಳು ಉಳಿದಿದ್ದವು. ಬೆರಳು ಚೀಪುತ್ತಿದ್ದ ಒಂದು ಪುಟ್ಟ ಹುಡುಗಿ ನಿಂತಿದ್ದ ದೋಣಿಯೊಂದನ್ನು ತೋರಿಸಿ ಇಂಗ್ಲಿಷಿನಲ್ಲಿ ಕೇಳಿದಳು, ಇದನ್ನು ನಾನು ಮುಳುಗಿಸಲಾ ಅಂತ. ನನ್ನ ಮೊಮ್ಮಗಳು ಕಣ್ಣು ಒರೆಸಿಕೊಂಡು ಮಂಡಿಯೂರಿ ಕೂತಳು. ಎಲ್ಲವನ್ನೂ ಒಮ್ಮೆ ನೋಡಿ, ಕಂಬ ಮುರಿದ ಇನ್ನೊಂದನ್ನು ತೆಗೆದು ಆ ಮಗುವಿನ ಕೈಗೆ ಕೊಟ್ಟಳು.

“ನಾಟ್ ದಟ್ ಒನ್,” ಅಂದಳು. “ಅದು ಮನೆಗೆ ಹೋಗತ್ತೆ.”